ಹಿಂದಿನಿಂದ ತಳ್ಳುವ ಭಾರ

ಕಡೂರು ರಸ್ತೆಯ ಟೈರಂಗಡಿ ಮುಂದೆ
ನನ್ನ ಪಿಕಪ್ಪು ಜ್ಯಾಕಿನ ಮೇಲೆ ಒಂದು ಕಾಲೆತ್ತಿ ನಿಂತಿದೆ
ಲಾಳ ಕಟ್ಟಿಸಿಕೊಳ್ಳುವ ಎತ್ತಿನ ಹಾಗೆ.
ಅಲ್ಲ, ಕುದುರೆಯ ಹಾಗೆ. ಎತ್ತನ್ನು ಕೆಡವಿ ಕಟ್ಟುತ್ತಾರೆ.

ಖಾಸಿಂ ಸಾಬರು ಹಳೇ ಟೈರಿನ ಗೀರಿಗೆ
ರೂಪಾಯಿ ನಾಣ್ಯ ತೂರಿಸಿ ತೋರಿಸಿದರು:
"ನೋಡಿ ಹೂವಕ್ಕ, ಅಂಚೂ ಮುಳುಗ್ತಿಲ್ಲ.
ಇದರಲ್ಲಿ ಹೋದ ವರ್ಷ ಪೂರ್ತಿ ಓಡಿಸಿದ್ರಾ?"

ಓಡಿಸಿದೆ.
ಹಿಂದೆ ಪಲ್ಪರ್ ಯಂತ್ರದ ಟ್ರೇಲರ್ ಕಟ್ಟಿಕೊಂಡು
ಆಲ್ದೂರು, ವಸ್ತಾರೆ, ಮಲ್ಲಂದೂರಿನಾಚೆ,
ಒಂದೆಕರೆ ಎರಡೆಕರೆಯವರ ಅಂಗಳಕ್ಕೆ,
ಕೊಯ್ದ ಹಣ್ಣು ಹುಳಿಯುವ ಮುಂಚೆ.
ಮೂಟೆಗಿಷ್ಟು ಅಂತ ಕೂಲಿ, ಜೊತೆಗೊಂದು ಲೋಟ ಕಾಫಿ;
ಅದು ಮಾತ್ರ ಎಲ್ಲ ಕಡೆಯೂ ಚಿಕೋರಿ ಬೆರೆತದ್ದೇ.

ಗೋಡೆಗೊರಗಿ ಮೂರು ಟೈರು.
ಕೆಸರಿನದು: ಹಲಸಿನ ಹಣ್ಣಿನ ಮೈ,
ಟಾರಿನ ಮೇಲೆ ಹಿಟ್ಟಿನ ಗಿರಣಿಯ ಸದ್ದು.
ಹೆದ್ದಾರಿಯದು: ಬೈತಲೆ ತೆಗೆದ ಒಳ್ಳೇ ಹುಡುಗ,
ಅಂಗಳದ ಜಿಗುಟಿಗೆ ಬಂದರೆ ಅಳುತ್ತಾನೆ.
ಮೂರನೆಯದು ಎಲ್ಲ ನೆಲಕ್ಕೂ ಒಗ್ಗುತ್ತದಂತೆ.
ಹಾಗೆ ಹೇಳಿಕೊಂಡು ಬಂದವರನ್ನು
ನಾನು ಇಬ್ಬರನ್ನು ಕೆಲಸಕ್ಕಿಟ್ಟುಕೊಂಡು ಬಿಟ್ಟಿದ್ದೇನೆ.

ಅದರ ಪಕ್ಕೆಯಲ್ಲಿ ಉಗುರಗಲದ ಗುರುತು:
ಮೂರು ಶಿಖರ, ಒಳಗೆ ಆರೆಸಳಿನ ಹೂ.
"ಮಂಜಿನ ಗುರುತು ಅಕ್ಕಾ," ಅಂದ ಪಂಚರ್ ಹುಡುಗ ತೌಸೀಫ್,
"ಇದೊಂದಕ್ಕೇ ಸಾವಿರದಿನ್ನೂರು ಜಾಸ್ತಿ."
ಮಂಜು ನಮ್ಮಲ್ಲಿ ಬೀಳುತ್ತಲ್ಲ ಮಾರಾಯ, ದಿನಾ!
"ಆ ಮಂಜಲ್ಲ. ಗಟ್ಟಿ ಮಂಜು. ಹೊರದೇಶದ್ದು."
ಇಬ್ಬರೂ ನಕ್ಕೆವು. ಕಣ್ಣು ಕಟ್ಟುವುದಕ್ಕೂ
ಕಾಲು ಜಾರಿಸುವುದಕ್ಕೂ
ಒಂದೇ ಹೆಸರಿಟ್ಟು ಸುಮ್ಮನಾದ ಭಾಷೆ ನಮ್ಮದು.

ಆದರೂ ಬೆರಳು ಆ ಹೂವಿನ ಮೇಲೇ ಓಡಾಡಿತು.
ಎಂದೂ ನೋಡದ ಬೆಟ್ಟಕ್ಕೆ
ಮೊದಲೇ ತಯಾರಾಗಿ ಬಂದಿದೆ ಪಾಪ.

ಸಾಬರು ನಾಣ್ಯ ಜೇಬಿಗಿಳಿಸಿ ಕೇಳಿದರು:
"ಯಾವುದು ಚೆಂದ ಅಂತ ಆಮೇಲೆ ನೋಡಿ.
ಎಲ್ಲಿ ಹೆದರಿಕೆಯಾಯ್ತು, ಅದು ಹೇಳಿ."

ಹೇಳಬೇಕೆಂದು ಬಾಯಿ ತೆರೆದಾಗಲೇ ಗೊತ್ತಾಗಿದ್ದು:
ಏರಿನಲ್ಲಿ ಎಂದೂ ಅಲ್ಲ.
ಏರಿನಲ್ಲಿ ಎಂಜಿನ್ ಬೈಯುತ್ತದೆ, ನಾನೂ ಬೈಯುತ್ತೇನೆ,
ಹೇಗೋ ಹತ್ತುತ್ತೇವೆ.
ಜನವರಿಯಲ್ಲಿ ಕಾಲವಲ್ಲದ ಕಾಲಕ್ಕೆ ಮಳೆ ಹನಿದ ದಿನ
ನಾಗೇಶಣ್ಣನ ತೋಟದಿಂದ ಇಳಿಯುವಾಗ
ಬ್ರೇಕ್ ಒತ್ತಿದೆ. ಗಾಡಿ ನಿಂತಿತು.
ಟ್ರೇಲರ್ ನಿಲ್ಲಲಿಲ್ಲ.
ಒಂದು ಟನ್ ಕಬ್ಬಿಣ, ಇಷ್ಟು ಹೊತ್ತು
ನಾನೇ ಎಳೆಯುತ್ತಿದ್ದೇನೆಂದು ನಂಬಿಸಿದ್ದು,
ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿತು.
ಗಾಡಿ ಅಡ್ಡಡ್ಡ ತಿರುಗಿ ಸಿಲ್ವರ್ ಮರಕ್ಕೆ ಆತು ನಿಂತಾಗ
ಕನ್ನಡಿಯಲ್ಲಿ ನನ್ನ ಯಂತ್ರದ ಮುಖ,
ಅಷ್ಟು ಹತ್ತಿರ.

ಅದನ್ನು ಯಾರಿಗೂ ಹೇಳಿರಲಿಲ್ಲ.

ಸಾಬರು ಗಡ್ಡ ಕೆರೆದುಕೊಂಡರು.
"ಹಾಗಾದ್ರೆ ನಾಲ್ಕು ಬೇಡ. ಎಲ್ಲ ನೆಲದ್ದು ಎರಡು, ಹತ್ತು ಪದರದ್ದು,
ಹಿಂದಕ್ಕೆ. ಹಿಂದಿನವು ಎರಡೂ ಎಸೀರಿ; ಮುಂದಿನವು ಈ ಸೀಸನ್ ದಾಟ್ತವೆ.
ಉಳಿದ ದುಡ್ಡಲ್ಲಿ ಟ್ರೇಲರಿಗೆ ಬ್ರೇಕ್ ಹಾಕಿಸಿ.
ಯಂತ್ರ ಕಟ್ಟಿದ ದಿನ ಹಿಂದೆ ಗಾಳಿ ಜಾಸ್ತಿ ಇರ್ಲಿ."
ಎರಡು ಟೈರಿನ ವ್ಯಾಪಾರ ಬಿಟ್ಟುಕೊಟ್ಟು
ಟೀ ತರಿಸಿದರು.

ಮಂಜಿನ ಹೂ ಇದ್ದದ್ದೇ ಕೊಂಡೆ ಕೊನೆಗೆ.
ಯಾಕೆ ಅಂತ ತೌಸೀಫ್ ಕೇಳಲಿಲ್ಲ.
ಹೂವನ್ನು ಹೊರಮುಖವಾಗಿ ಕೂರಿಸಿ
ನಟ್ಟು ಬಿಗಿದ, ಒಂದು ಬಿಟ್ಟು ಒಂದು.

ಹೊರಡುವಾಗ ಸಾಬರು ಕಿಟಕಿಗೆ ಬಂದು:
"ಹೊಸತು ಅಂತ ನಂಬಬೇಡಿ.
ಹೊಸ ಟೈರೇ ಮೊದಲು ಜಾರೋದು.
ಇನ್ನೂರು ಕಿಲೋಮೀಟರು ಮೆತ್ತಗೆ."

ಟೈರಿನ ಮೈತುಂಬ ಎಳೆ ರಬ್ಬರ್ ಕೂದಲು,
ಆಗತಾನೇ ಹುಟ್ಟಿದ ಕರುವಿನ ಕಿವಿಯಲ್ಲಿರುತ್ತದಲ್ಲ, ಹಾಗೆ.
ಟಾರಿಗೆ ತಾಗಿ ಸಣ್ಣಗೆ ಸದ್ದು.
ಹಿಂದೆ ಬಸ್ಸು ಹಾರ್ನ್ ಹೊಡೆಯಿತು.
ಹೊಡೆಯಲಿ.