ಬಾಯಿಲ್ಲದ ಒಲೆ

ಮೊದಲು ಚಪ್ಪಲಿ.
ಬುಟ್ಟಿಯಲ್ಲಿವೆ ನೋಡಿ, ಉಣ್ಣೆಯವು, ದೋಣಿಯಷ್ಟು ದೊಡ್ಡವು,
ನಿಮ್ಮ ಬೂಟಿನ ಮೇಲೆಯೇ ತೊಟ್ಟುಕೊಳ್ಳಿ.
ಎಡ ಬಲ ಅಂತಿಲ್ಲ ಇವಕ್ಕೆ, ಹುಡುಕಬೇಡಿ.
ಕಾಲೆತ್ತದೆ ಜಾರಿಸುತ್ತ ಬನ್ನಿ, ಕೆಳಗಿರುವುದು ಮರದ ನೆಲ.
ಹೀಗೆ ವರ್ಷಕ್ಕಿಷ್ಟು ಸಾವಿರ ಮಂದಿ
ದುಡ್ಡು ಕೊಟ್ಟು ಒಳಗೆ ಬಂದು
ನಮ್ಮ ನೆಲ ಒರೆಸಿಕೊಟ್ಟು ಹೋಗುತ್ತಾರೆ.

(ಇಲ್ಲಿ ನಗುತ್ತಾರೆ.
ಇಪ್ಪತ್ತೆರಡು ವರ್ಷದಿಂದ ಇಲ್ಲೇ ನಗುತ್ತಾರೆ.)

ಮೊರಾವಿಯಾದ ಈ ಕೋಟೆ ದೊಡ್ಡದೇನಲ್ಲ, ಗೊತ್ತು.
ಪ್ರಾಗಿನ ಸೇತುವೆಯ ಮೇಲೆ ಭುಜಕ್ಕೆ ಭುಜ ಉಜ್ಜಿ,
ತೆಲ್ಚ್‌ನ ಬಣ್ಣದ ಮನೆಗಳನ್ನೆಲ್ಲ ಫೋನಿಗೆ ತುಂಬಿ,
ಕ್ರುಮ್ಲೊವ್‌ನ ಕಂದಕದಲ್ಲಿ ಮಲಗಿದ ಕರಡಿ ಏಳಲೆಂದು ಕಾದು,
ನಾಲ್ಕನೆಯ ದಿನ, ಬಸ್ಸಿನ ನಿದ್ದೆ ಕೆನ್ನೆಗೆ ಅಂಟಿಕೊಂಡೇ,
ನಮ್ಮ ಬಾಗಿಲಿಗೆ ಬರುತ್ತೀರಿ.
ತುಂಬಿದ ಹೊಟ್ಟೆಗೆ ನಾವು ಕೊನೆಯ ತುತ್ತು.

ನಾನು ದ್ರಾಹೊಮೀರಾ. ಕೈಯಲ್ಲಿ ಬೀಗದಕೈ ಹದಿನೇಳು.
ಇದು ಬೇಟೆಯ ಕೋಣೆ. ಈ ಕೊಂಬೆಲ್ಲ ಒಬ್ಬನೇ ಕೌಂಟ್ ಹೊಡೆದದ್ದು,
ಒಂದೊಂದರ ಕೆಳಗೂ ತಾರೀಖಿದೆ. ಲೆಕ್ಕದಲ್ಲಿ ಅವನು ಶುದ್ಧ.
ಇದು ಊಟದ ಮನೆ. ತಟ್ಟೆ ನಿಜದ್ದು, ದ್ರಾಕ್ಷಿ ಮೇಣದ್ದು.
ಮಂಚ ಗಿಡ್ಡವೇಕೆಂದರೆ ಅವರು ಒರಗಿ ಕೂತೇ ನಿದ್ದೆಹೋಗುತ್ತಿದ್ದರು,
ಅಡ್ಡ ಬಿದ್ದರೆ ಸಾವು ಇದು ನನ್ನದೇ ಎಂದು ಎತ್ತಿಕೊಂಡೀತೆಂದು.
ಹಾಗಂತ ನಾವು ಹೇಳುತ್ತೇವೆ. ಕೇಳುವವರಿಗೆ ಇಷ್ಟ.

ಮತ್ತು ಇದು ಒಲೆ.
ಸೂರಿಗೆ ತಲೆ ತಾಗಿಸಿ ನಿಂತ ಬಿಳಿ ಪಿಂಗಾಣಿ, ಚಿನ್ನದ ಅಂಚು.
ಇದಕ್ಕೆ ಬಾಯಿಲ್ಲ.
ಬೂದಿಯಿಲ್ಲ, ಮಸಿಯಿಲ್ಲ, ಉರಿ ಕಾಣುವುದಿಲ್ಲ.
ಹಾಗಾದರೆ ಸೌದೆ ಎಲ್ಲಿಂದ ಎಂದು
ಕೇಳುವವರು ಕಡಿಮೆ.

ಹೋದ ಸೆಪ್ಟೆಂಬರಿನಲ್ಲಿ ಒಬ್ಬಳು ಕೇಳಿದಳು.
ಓಸ್ತ್ರಾವಾದಿಂದ ಬಂದ ಪಿಂಚಣಿದಾರರ ಗುಂಪು,
ಅದರ ಬಾಲದಲ್ಲಿ, ಊರುಗೋಲಿನ ಮುದುಕಿ, ಯಾರ್ಮಿಲಾ.
ಕೇಳಿದ್ದೂ ಹಾಗಲ್ಲ: "ಹಿಂದಿನ ಓಣಿ ಮುಚ್ಚಿಬಿಟ್ಟಿರಾ?"

ಮುಚ್ಚಿಲ್ಲ. ಟಿಕೆಟ್ಟಿನಲ್ಲಿ ಸೇರಿಲ್ಲ, ಅಷ್ಟೆ.
ಪರದೆಯ ಹಿಂದೆ ಗೋಡೆಯಂತೆಯೇ ಬಳಿದ ಬಾಗಿಲು.
ಹದಿನಾಲ್ಕನೆಯ ಬೀಗದಕೈ ತಿರುಗಲು ಸ್ವಲ್ಪ ಹಟ ಮಾಡಿತು.
ಒಳಗೆ ಒಂದೇ ಭುಜದಗಲ, ಕಲ್ಲುನೆಲ, ಕಪ್ಪು,
ಸಾಲಾಗಿ ಹನ್ನೊಂದು ಕಬ್ಬಿಣದ ಬಾಯಿ.

"ಬೆಳಗಿನ ನಾಲ್ಕಕ್ಕೆ ಅಪ್ಪ ಈ ತುದಿಯಿಂದ ಶುರು.
ಮೂರನೆಯದು ಹೊಗೆ ಕಾರುತ್ತಿತ್ತು.
ಏಳನೆಯದು ಮಗುವಿನ ಕೋಣೆಯದು, ಅದಕ್ಕೆ ಸೇಬಿನ ಸೌದೆಯೇ ಆಗಬೇಕು.
ನಾನು ಬುಟ್ಟಿ ಹಿಡಿದು ಹಿಂದೆ. ನನಗಾಗ ಆರು.
ಕೌಂಟನಿಗೆ ಅಪ್ಪನ ಮುಖ ಗೊತ್ತಿರಲಿಲ್ಲ.
ಅಪ್ಪನಿಗೆ ಅವನ ಕೆಮ್ಮು ಗೊತ್ತಿತ್ತು,
ಯಾವ ಕೆಮ್ಮಿಗೆ ಇನ್ನೆರಡು ಕೊರಡು ಎಂಬುದೂ."

ಆಮೇಲೆ ತನ್ನ ಕಾಲು ನೋಡಿಕೊಂಡಳು.
"ಇಂಥದೇ," ಎಂದಳು, "ಉಣ್ಣೆ.
ಸದ್ದಾದರೆ ದೊಡ್ಡವರಿಗೆ ಎಚ್ಚರವಾಗುತ್ತದೆಂದು
ಬೂಟಿಗೆ ಸುತ್ತಿ ಹುರಿಯಿಂದ ಕಟ್ಟುತ್ತಿದ್ದ.
ನನಗೂ ಒಂದು ಜೊತೆ, ಚಿಕ್ಕದು."

ಬಗ್ಗಿದಳು. ನಿಧಾನ. ಸೊಂಟ ಮಾತು ಕೇಳಲಿಲ್ಲ;
ನಾನೇ ಮೊಣಕಾಲೂರಿ ಕಳಚಿದೆ, ಎರಡೂ ಚಪ್ಪಲಿ.
ನಿಯಮಕ್ಕೆ ವಿರುದ್ಧ. ಆದರೆ ಕಲ್ಲುನೆಲ, ಹಾಳಾಗುವುದೇನು.

ಆಮೇಲೆ ಯಾರ್ಮಿಲಾ ಆ ತುದಿಯವರೆಗೆ ನಡೆದಳು.
ಟಕ್. ಟಕ್. ಊರುಗೋಲು ಬೇರೆ, ಟಕ್.
ಹನ್ನೊಂದು ಬಾಯಿಯೂ ಅದನ್ನು ಎತ್ತಿಕೊಂಡು
ಹನ್ನೊಂದು ಕೋಣೆಗೆ ಹೇಳಿದವು.
ಆಚೆಯಿಂದ ಗುಂಪಿನವರು ಕೂಗಿದರು: ಏನದು, ಇಲಿಯೇ?
ಯಾರೋ ನಕ್ಕರು. ನಾನು ಉತ್ತರಿಸಲಿಲ್ಲ.
ತಿರುಗಿ ಬರುವಾಗ ಅವಳು ಇನ್ನೂ ಜೋರಾಗಿ ಊರಿದಳು.

ನಾಳೆಯ ನಂತರ ನವೆಂಬರ್. ಕೋಟೆ ಮುಚ್ಚುತ್ತೇವೆ,
ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸುತ್ತೇವೆ,
ಹರಿದ ಚಪ್ಪಲಿಗಳನ್ನು ಮನೆಗೊಯ್ದು ಚಳಿಗಾಲವೆಲ್ಲ ಹೊಲಿಯುತ್ತೇನೆ.
ಈ ಸಲ ಒಂದು ಜೊತೆ, ಯಾಕೋ, ಚಿಕ್ಕದಾಗಿ ಬಂತು.

ಮೇಣದ ದ್ರಾಕ್ಷಿ ಮುಟ್ಟಬೇಡ ಮರಿ.
ಬನ್ನಿ, ಮುಂದಿನ ಕೋಣೆ.