ಐದು ಮಿಲಿಮೀಟರ್ ಬಾಗಿಲು

ಆ ಡಬ್ಬಿ ಕೆಳಗಿಡು, ಬುರುಲ್.
ಮೇಲೆ ಅಚ್ಚಾದ ಶನಿ
ಒಳಗಿನ ಕೊಳವೆಯಲ್ಲಿ ಕಂಡವನಲ್ಲ.
ಐನೂರ ಇಪ್ಪತ್ತೈದು ಪಟ್ಟು ಅಂತೆ!
ಬರೆಯಲು ಮಸಿ ಸಾಕು, ತೋರಿಸಲು ಗಾಜು ಬೇಕು.
ಅದರ ಮುಕ್ಕಾಲಿ ನೋಡು,
ನಾನಿಲ್ಲಿ ಸೀನಿದರೆ
ಚಂದ್ರ ಡೋಲೋನ್ ಘಟ್ಟದಾಚೆ ಬೀಳುತ್ತಾನೆ.

ನಾರಿನ್ ಸಂತೆಯಲ್ಲಿ ನನ್ನದು ತಗಡಿನ ಕಂಟೇನರು.
ಎಡಕ್ಕೆ ಬೂಟಿನವಳು, ಬಲಕ್ಕೆ ಟ್ರ್ಯಾಕ್ಟರ್ ಬಿಡಿಭಾಗದವನು,
ನಡುವೆ ನಾನು,
ದೂರವನ್ನು ಸೇರಿನಲ್ಲಿ ಅಳೆದು ಮಾರುವವನು.

ಮೂಲೆಯದ್ದೇ? ಅದು ಮಾರಾಟಕ್ಕಿದೆ, ನಿನಗಲ್ಲ.
ಎಂಟಂಗುಲದ ಕನ್ನಡಿ,
ಬೆಳಕನ್ನು ಬಾಯಾರಿದ ಕುದುರೆಯ ಹಾಗೆ ಕುಡಿಯುತ್ತದೆ.
ಆದರೆ ಇಪ್ಪತ್ತು ಕಿಲೋ.
ಹಾಲಿನ ಲಾರಿ ಇಳಿದು, ಒಲೆ ಹೊತ್ತಿಸಿ,
ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು,
ರಾತ್ರಿ ಹನ್ನೊಂದಕ್ಕೆ ಇದನ್ನು ಅಂಗಳಕ್ಕೆ ಹೊರುತ್ತೀಯ?
ಮೊದಲ ವಾರ ಹೊರುತ್ತೀಯ.
ಆಮೇಲೆ ಅದರ ಮೇಲೆ ಕಾಲುಚೀಲ ಒಣಗುತ್ತವೆ.
ಗಣಿತದ ಮೇಷ್ಟರ ಮನೆಯಲ್ಲಿ ಒಣಗುತ್ತಿವೆ,
ಹೋಗಿ ನೋಡು ಬೇಕಾದರೆ.

ಬಾ, ಬಾಗಿಲು ಎಳೆದುಕೋ.
ಕತ್ತಲಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲು.
ಕಜಾನಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ
ಪ್ರಿಸಂ ಉಜ್ಜಿದವನು ನಾನು.
ಬೆರಳಚ್ಚು ಅಳಿಸಿಹೋಗಿತ್ತು, ಪಾಸ್‌ಪೋರ್ಟ್ ಕಚೇರಿಯವರು
ಮೂರು ಸಲ ಮಸಿ ಹಚ್ಚಿ ಬೈದರು.

ಸರಿ, ಹೊರಗೆ ನಡಿ.
ಬಲಗಡೆಯವನಿಂದ ಅಲೆನ್ ಕೀ ಗೊಂಚಲು ತಂದಿದ್ದೇನೆ.
ಏಳರದ್ದನ್ನು ಕಣ್ಣಿಗೆ ಅಡ್ಡ ಹಿಡಿ,
ರೆಪ್ಪೆಗೆ ಕಚಗುಳಿ ಆಗುವಷ್ಟು ಹತ್ತಿರ.
ಒಂದು ನಕ್ಷತ್ರ ನೋಡು. ಮಾಯವೇ?
ಆರರದ್ದು? ಅದೂ ಮಾಯವೇ.
ಐದು...
ಎರಡಾಯಿತಲ್ಲ, ಕಡ್ಡಿಯ ಆಚೆ ಒಂದು, ಈಚೆ ಒಂದು?
ಹಾಗಾದರೆ ಐದು ಮತ್ತೊಂದು ಚೂರು.
ಐವತ್ತಮೂರಕ್ಕೆ ಕಣ್ಣಿನ ಬಾಗಿಲು ಅಷ್ಟೇ ತೆರೆಯುವುದು,
ಬೇಜಾರು ಬೇಡ.

ಏಳು-ಐವತ್ತರ ಬೈನಾಕ್ಯುಲರ್ ಕೊಟ್ಟೆ ಅನ್ನು,
ಏಳು ಮಿಲಿಮೀಟರ್ ಬೆಳಕು ಬಂದು
ಐದರ ಬಾಗಿಲಲ್ಲಿ ನಿಲ್ಲುತ್ತದೆ,
ಮಿಕ್ಕಿದ್ದು ಹೊಸ್ತಿಲಾಚೆ ಚೆಲ್ಲುತ್ತದೆ.
ಚೆಲ್ಲುವ ಸಂಕಟ
ಹಾಲಿನವಳಿಗೆ ನಾನು ಹೇಳಬೇಕೆ?

ಇಗೋ, ಹತ್ತು-ಐವತ್ತು.
ನಕ್ಷತ್ರದ ಜೊತೆ ನಿನ್ನ ಕೈ ನಡುಕವೂ ಹತ್ತು ಪಟ್ಟು,
ಅದಕ್ಕೆ ಲಾರಿಯ ಬಾನೆಟ್ಟಿನ ಮೇಲೆ ಮೊಣಕೈ ಊರು.
ಉಸಿರನ್ನು ಪಕ್ಕಕ್ಕೆ ಬಿಡು,
ಈ ಚಳಿಗೆ ಗಾಜಿನ ಮೇಲೆ ಹೂ ಬಿಡುತ್ತದೆ.
ಗುಡ್ಡದ ಟವರಿನ ಕೆಂಪು ದೀಪ ಒಂದೋ, ಎರಡೋ?
ಎರಡಾದರೆ ಒಳಗೆ ಪ್ರಿಸಂ ಜಾರಿದೆ.
ತಲೆ ಎರಡನ್ನೂ ಎಳೆದು ಒಂದು ಮಾಡುತ್ತದೆ,
ಬೆಳಗಾದರೆ ತಲೆನೋವು.
ಕೆಲವು ಮದುವೆಗಳೂ... ಬಿಡು.
ಒಂದೇ ಅಲ್ಲವೇ? ಚೆನ್ನಾಗಿ ನೋಡಿ ಹೇಳು.

ಈಗ ಮೇಲೆ. ನಮ್ಮ ಊರ್ಕೋರ್ ಗೊಂಚಲು.
ಬರಿಗಣ್ಣಿಗೆ ಆರು, ಅದು ಕುರಿಗಳಿಗೂ ಗೊತ್ತು.
ಒಳಗೆ ಎಷ್ಟು? ಗಟ್ಟಿಯಾಗಿ ಎಣಿಸು.
ಹದಿನೇಳು. ಹದಿನೆಂಟು.
ಬಣ್ಣ? ನೀಲಿಯೇ?
ಎಂಥ ನೀಲಿ, ಗ್ಯಾಸ್ ಒಲೆಯದೋ
ಕೆನೆ ತೆಗೆದ ಹಾಲಿನ ಅಂಚಿನದೋ?

ನನಗೇ?
ಮೂರು ಚಳಿಗಾಲವಾಯಿತು, ನನ್ನ ಎರಡೂ ಕಣ್ಣಲ್ಲಿ
ಕೆನೆ ಕಟ್ಟಿ.
ಟವರಿನ ದೀಪ ನಿನ್ನನ್ನೇ ಕೇಳಿದ್ದು
ಸುಮ್ಮನೆ ಅಂದುಕೊಂಡೆಯಾ?
ಬಿಷ್ಕೆಕ್ಕಿನ ಆಸ್ಪತ್ರೆಯ ಚೀಟಿ ಗಲ್ಲಾಪೆಟ್ಟಿಗೆಯಲ್ಲಿದೆ,
ಇರಲಿ ಅದು ಅಲ್ಲೇ.
ಗಾಜಿನ ಗುಣವನ್ನು ಈಗ ಕೊಳ್ಳುವವರ ದನಿಯಲ್ಲಿ
ಪರೀಕ್ಷೆ ಮಾಡುತ್ತೇನೆ.
ಕೆಟ್ಟದಾದರೆ ಹೊಗಳುತ್ತಾರೆ.
ಒಳ್ಳೆಯದಾದರೆ ಎಣಿಕೆ ತಪ್ಪುತ್ತಾರೆ.
ನೀನು ಇಪ್ಪತ್ತಮೂರಕ್ಕೆ ನಿಂತೆ.

ನಾಲ್ಕು ಸಾವಿರ ಸೋಮ್.
ಇಲ್ಲ, ಕಡಿಮೆ ಇಲ್ಲ.
ಒಂದು ಮುಚ್ಚಳ ಕಳೆದಿದೆ, ಅದಕ್ಕೆ ನೂರು ಬಿಡುತ್ತೇನೆ.
ಪಟ್ಟಿಯನ್ನು ಮೊದಲು ಕೊರಳಿಗೆ ಹಾಕಿಕೋ,
ದುಡ್ಡು ಆಮೇಲೆ ಎಣಿಸು.

ಹೋಗುವ ಮೊದಲು,
ಪೂರ್ವಕ್ಕೆ ಗುರು ಎದ್ದಿರಬೇಕು.
ಅವನ ಪಕ್ಕದಲ್ಲಿ ಸಣ್ಣ ಚುಕ್ಕೆಗಳು,
ಎಡಕ್ಕೆ ಎಷ್ಟು,
ಬಲಕ್ಕೆ?