ಕತ್ತರಿಸಿದ ಅರ್ಧ ಸೆಕೆಂಡು

ನಮ್ಮ ಭಾಷೆಯಲ್ಲಿ ಆ ಪದ ತಾಲ್ವೇಶ್.
ಇರಬಹುದು ಅಂತ. ಇಲ್ಲದೆಯೂ ಇರಬಹುದು ಅಂತ.
ಕೊನೆಗೊಂದು ಶ್ ಬರುತ್ತದೆ,
ಅಳುವ ಕೂಸಿನ ಬೆನ್ನು ತಟ್ಟುವವರ ಬಾಯಿಂದ ಬರುವಂಥದು.
ಪರದೆಯ ಮೇಲೆ ಅದು ಹಸಿರು ಗೀಟುಗಳ ಸಣ್ಣ ಪೊದೆ,
ಅಗಲ ಅರ್ಧ ಸೆಕೆಂಡು.
ಕತ್ತರಿಸಿದವನು ನಾನು.

ನಾನು ಬೆಲ್ಮಿರೊ. ಅಜೋರ್ಸಿನ ಒಂದು ದ್ವೀಪದ ರೇಡಿಯೋದಲ್ಲಿ
ಇಪ್ಪತ್ತೆರಡು ವರ್ಷದಿಂದ
ಜನರ ಕೆಮ್ಮು, ತೊದಲು, ಎಂಜಲು ನುಂಗುವ ಸದ್ದು
ತೆಗೆದು ಬಿಸಾಡುವುದೇ ಕಸುಬು.
ಮೇಯರನ ಮಾತು ಕೂಡ ನನ್ನ ಕೈ ದಾಟಿದ ಮೇಲೆ
ಹುಣಸೆ ಹಚ್ಚಿ ಬೆಳಗಿಟ್ಟ ತಂಬಿಗೆ.

ಆ ಮಾರ್ಚಿನಲ್ಲಿ ನೆಲ ದಿನಕ್ಕೆ ಇನ್ನೂರು ಸಲ ನಡುಗುತ್ತಿತ್ತು.
ಕಪಾಟಿನಲ್ಲಿ ಬಟ್ಟಲಿಗೆ ಬಟ್ಟಲು ತಾಗಿ ಕಿಣಿಕಿಣಿ.
ಜನ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದರು.
ಗುರುವಾರದ ಹತ್ತು ನಿಮಿಷಕ್ಕೆ ಬರುತ್ತಿದ್ದಳು ಫಿಲೊಮೆನಾ ಗುಲಾರ್ಟ್,
ಭೂಕಂಪ ಓದಿದವಳು, ಬೂಟಿಗೆಲ್ಲ ಕರಿಮಣ್ಣು.
ಅವಳ ಬಾಯಲ್ಲಿ ಬೆಟ್ಟವೆಂದರೆ ಒಲೆಯ ಮೇಲಿನ ಹಾಲು:
ಕೆನೆ ಕಟ್ಟಿದೆ,
ಕೆಳಗೆ ಕುದಿ ಇದೆಯೋ ಇಲ್ಲವೋ
ಕೆನೆಯ ನಡುಕ ನೋಡಿಯೇ ಹೇಳಬೇಕು,
ಸೌಟು ಹಾಕಿ ನೋಡುವಂತಿಲ್ಲ.
ನಮ್ಮದು ಹಾಲು ಕರೆದು ಬದುಕುವ ದ್ವೀಪ.
ಯಾರೂ ಎರಡನೆಯ ಸಲ ಕೇಳಲಿಲ್ಲ.

ಅಂದು ಅವಳು ಹೇಳಿದ್ದು, ಇದ್ದದ್ದು ಇದ್ದ ಹಾಗೆ:
"ತಾಲ್ವೇಶ್... ಮೇಲೇರುವುದು ನಿಂತಿದೆ.
ತಾಲ್ವೇಶ್, ನಡುವೆ ಉಸಿರು ತೆಗೆದುಕೊಳ್ಳುತ್ತಿದೆ, ಅಷ್ಟೇ."

ಮ್ಯಾನೇಜರ್ ಔರೇಲಿಯೊ ಗಡಿಯಾರ ನೋಡಿ,
ಫೋನುಗಳಿಗೆ ಬಿಡಲು ಒಂದು ತುಣುಕು ಕೊಡು ಅಂದ,
ಚಿಕ್ಕದು, ಚೊಕ್ಕದು.
ಕೊಟ್ಟೆ. "ಮೇಲೇರುವುದು ನಿಂತಿದೆ."
ಅವಳದೇ ದನಿ, ಅವಳದೇ ಪದ,
ನಾನು ಸೇರಿಸಿದ್ದು ಒಂದಕ್ಷರವೂ ಇಲ್ಲ.

ಸಂಜೆಯೊಳಗೆ ಹನ್ನೊಂದು ಸಾವಿರ ಕಿವಿ.
ಎದುರು ದ್ವೀಪಕ್ಕೆ ಓಡಿದ್ದವರು ಶನಿವಾರದ ಹಡಗಿಗೆ ವಾಪಸು.
ಅಮಾದೇವು ಸಿಲ್ವೇರಾ ಏಳು ಹಸುಗಳನ್ನೂ ಇಳಿಸಿಕೊಂಡ,
ಕೊನೆಯದು ಹಲಗೆಯ ಮೇಲೆ ಕಾಲೂರಿ ಬರಲೊಲ್ಲೆನೆಂದಿತು,
ಬಾಲ ತಿರುಚಿ ತಂದ.
ಬಂದರಿನಲ್ಲೇ ನನ್ನ ಭುಜ ಹಿಡಿದು ಅಂದ:
"ಕೊನೆಗೂ ಆ ಹೆಂಗಸಿನ ಬಾಯಿಂದ
ನೆಟ್ಟಗಿನ ಒಂದು ಮಾತು ಹೊರಡಿಸಿದೆಯಲ್ಲ, ಮಾರಾಯ!"

ಆಮೇಲೇನಾಯಿತು ಅಂತ ಕೇಳುತ್ತೀರಿ.
ಏನೂ ಆಗಲಿಲ್ಲ.
ಬಟ್ಟಲುಗಳು ಸುಮ್ಮನಾದವು. ಹಾಲು ಉಕ್ಕಲಿಲ್ಲ.
ಕಣ್ಣು ಮುಚ್ಚಿ ಎಸೆದ ಕಲ್ಲಿಗೆ ಹಣ್ಣು ಬಿದ್ದರೆ
ಊರಿಗೆ ಊರೇ ಕೈಯ ಗುರಿ ಹೊಗಳುತ್ತದೆ,
ಎಸೆದವನಿಗೆ ಮಾತ್ರ
ಮರದ ಕೆಳಗೆ ಮಲಗಿದ್ದವರ ನೆನಪು.

ಸೋಮವಾರ ಬಂದಳು ಫಿಲೊಮೆನಾ. ಬೈಯಲಿಲ್ಲ.
ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿದಳು,
ಕತ್ತರಿಸಿದ್ದು, ಕತ್ತರಿಸದೆ ಇದ್ದದ್ದು.
"ಬೆಲ್ಮಿರೊ, ನನ್ನ ಹನ್ನೆರಡು ವರ್ಷದ ಓದು
ಈ ವಾಕ್ಯದಲ್ಲಿ ಎಲ್ಲಿದೆ, ತೋರಿಸು."
ಅಳಿಸಿದ್ದನ್ನೆಲ್ಲ ತುಂಬುವ ಕಡತ ತೆರೆದೆ.
ಯಾರದೋ ಕೆಮ್ಮಿನ ಪಕ್ಕ,
ಯಾರದೋ ಕುರ್ಚಿಯ ಕಿರುಗುಟ್ಟಿನ ಪಕ್ಕ ಇತ್ತು.
ಆ ಹಸಿರು ಪೊದೆಯ ಮೇಲೆ ಬೆರಳಿಟ್ಟೆ.

ಮುಂದಿನ ಗುರುವಾರ ನೇರಪ್ರಸಾರ.
ಇರಿಯಾ ಅಂತ, ಒಂಬತ್ತು ವರ್ಷ, ಫೋನಿನಲ್ಲಿ:
ಮತ್ತೆ ಯಾವಾಗ ನಡುಗುತ್ತೆ?
"ಗೊತ್ತಿಲ್ಲ," ಅಂದಳು ಫಿಲೊಮೆನಾ.
ಆಮೇಲೆ ಸುಮ್ಮನೆ ಕೂತಳು.
ಮೂರು ಸೆಕೆಂಡು. ಆರು.
ರೇಡಿಯೋದಲ್ಲಿ ಒಂಬತ್ತು ಸೆಕೆಂಡು ಮೌನವೆಂದರೆ
ಬಾಗಿಲು ತೆರೆದಿಟ್ಟ ಖಾಲಿ ಮನೆ.
ಗಾಜಿನಾಚೆ ಔರೇಲಿಯೊ ಬಡಿಯುತ್ತಿದ್ದ,
ಹಾಡು ಹಾಕೋ, ಹಾಡು ಹಾಕೋ.
ನನ್ನ ಎರಡೂ ಕೈ ತೊಡೆಯ ಕೆಳಗಿದ್ದವು.

ಅಷ್ಟರಲ್ಲಿ ಇನ್ನೊಂದು ಕರೆ ಮಿನುಗಿತು, ಯಾರೋ ಮುದುಕಿ:
"ಏನಪ್ಪಾ, ನಿಮ್ಮ ಸ್ಟೇಷನ್ನು ಸತ್ತುಹೋಯಿತೇ?"
"ಇಲ್ಲ ಅಮ್ಮಾ," ಪಿಸುಗುಟ್ಟಿದೆ,
"ಇಡಬೇಡಿ. ಅವರು ಯೋಚಿಸ್ತಾ ಇದ್ದಾರೆ."